ಕಲಬುರಗಿಯ ಕನ್ನಡ: ಕಳೆದದ್ದು, ಗಳಿಸಿದ್ದು, ಉಳಿಸಬೇಕಾದದ್ದು

ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ ನಾಲ್ಕು ಬಾರಿ ನಡೆದಿದೆ: 1928, 1949, 1987 ಮತ್ತು 2020ರಲ್ಲಿ. ಊರು ಒಂದೇ ಆದರೂ ಪ್ರತಿ ಸಲವೂ ಅದರ ರಾಜಕೀಯ ವಿಳಾಸ ಬೇರೆಯಾಗಿತ್ತು. ಮೊದಲ ಸಮ್ಮೇಳನ ಸೇರಿದಾಗ ಅದು ನಿಜಾಮರ ಹೈದರಾಬಾದ್ ಸಂಸ್ಥಾನದ ಒಂದು ಜಿಲ್ಲಾ ಕೇಂದ್ರ. ಎರಡನೆಯದು ಸೇರಿದಾಗ ಆ ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಿ ಕೆಲವೇ ತಿಂಗಳು ಕಳೆದಿದ್ದವು. ಮೂರನೆಯದು ನಡೆದದ್ದು ಕರ್ನಾಟಕ ರಾಜ್ಯದ ಗುಲ್ಬರ್ಗದಲ್ಲಿ. ನಾಲ್ಕನೆಯದರ ಹೊತ್ತಿಗೆ ಊರಿನ ಅಧಿಕೃತ ಹೆಸರು ಕಲಬುರಗಿ ಎಂದಾಗಿತ್ತು, ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕ ಎಂದಾಗಿತ್ತು.

ಈ ನಾಲ್ಕು ಸಮ್ಮೇಳನಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಜನಸಮುದಾಯ ತನ್ನತನವನ್ನು ಹೇಗೆ ಮರಳಿ ಪಡೆಯಿತು ಎಂಬ ಕಥೆ ಕಾಣುತ್ತದೆ. ಹಳೆಯ ಮೈಸೂರಿನವರಿಗೆ ಕನ್ನಡವೆಂಬುದು ಹುಟ್ಟಿನಿಂದ ಬಂದ ಆಸ್ತಿ. ಅಲ್ಲಿ ಅರಮನೆಯೂ ಕಚೇರಿಯೂ ಶಾಲೆಯೂ ಕನ್ನಡವನ್ನು ಒಪ್ಪಿಕೊಂಡಿದ್ದವು. ಕಲಬುರಗಿಯವರಿಗೆ ಅದು ಕೈತಪ್ಪಿ ಹೋಗಿದ್ದ ಆಸ್ತಿ, ದಾವೆ ಹೂಡಿ ಗೆದ್ದುಕೊಂಡ ಆಸ್ತಿ. ಹೀಗೆ ಗೆದ್ದುಕೊಂಡವರಿಗೆ ಅದರ ಬೆಲೆ ಹೆಚ್ಚು ತಿಳಿದಿರುತ್ತದೆ. ಗೆದ್ದ ಮೇಲೆ ಅದನ್ನು ಹೇಗೆ ಅನುಭವಿಸಬೇಕು, ಯಾರ ಯಾರ ಜೊತೆ ಹಂಚಿಕೊಳ್ಳಬೇಕು ಎಂಬ ಪ್ರಶ್ನೆಯೂ ಅವರ ಮುಂದೆಯೇ ಮೊದಲು ಬರುತ್ತದೆ. ಈ ಲೇಖನದಲ್ಲಿ ವಿಚಾರಿಸಹೊರಟಿರುವುದು ಆ ಪ್ರಶ್ನೆಯನ್ನೇ.

ಕಲ್ಲಿನಲ್ಲಿ ಉಳಿದ ನೆನಪು

ಕಲಬುರಗಿ ಜಿಲ್ಲೆ ಕನ್ನಡದ ಅಂಚಿನ ನೆಲ ಎಂದು ಭಾವಿಸುವವರು ಇಂದಿಗೂ ಇದ್ದಾರೆ. ಇತಿಹಾಸ ಹೇಳುವುದು ಬೇರೆ. ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಇಂದಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಇಲ್ಲಿಂದ ಆಳಿದ. ನಮಗೆ ಇಡಿಯಾಗಿ ದೊರೆತಿರುವ ಅತ್ಯಂತ ಹಳೆಯ ಕನ್ನಡ ಗ್ರಂಥವಾದ ‘ಕವಿರಾಜಮಾರ್ಗ’ ಅವನ ಆಸ್ಥಾನದಲ್ಲಿ, ಸುಮಾರು 850ರ ವೇಳೆಗೆ, ಶ್ರೀವಿಜಯನಿಂದ ಸಿದ್ಧವಾಯಿತು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡ ನಾಡೆಂದು ಗುರುತಿಸಿದ್ದು ಆ ಗ್ರಂಥವೇ. ಅಂದರೆ ಕನ್ನಡಿಗರಿಗೆ ತಮ್ಮ ನಾಡಿನ ಮೊದಲ ನಕ್ಷೆಯನ್ನು ಬರೆದುಕೊಟ್ಟದ್ದು ಈ ಜಿಲ್ಲೆಯ ನೆಲ.

ಚಿತ್ತಾಪುರದ ಬಳಿಯ ನಾಗಾವಿಗೆ ಹೋದರೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಲ್ಲಿ ದೊಡ್ಡದೊಂದು ಘಟಿಕಾಸ್ಥಾನವಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ವಸತಿ ಸಹಿತವಾದ ವಿದ್ಯಾಕೇಂದ್ರ. 1058ರ ಶಾಸನವೊಂದು ಅಲ್ಲಿನ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಮಾಡಿದ ಏರ್ಪಾಡನ್ನು ವಿವರಿಸುತ್ತದೆ. ಅದರ ಜೊತೆಗೆ ‘ಸರಸ್ವತೀ ಭಂಡಾರಿಗ’ರನ್ನು, ಎಂದರೆ ಗ್ರಂಥಪಾಲಕರನ್ನು, ಹೆಸರಿಸುತ್ತದೆ. ಗ್ರಂಥ ಕಾಯುವವರಿಗೂ ಜೀವನಾಧಾರ ಒದಗಿಸಬೇಕೆಂಬ ತಿಳಿವಳಿಕೆ ಸಾವಿರ ವರ್ಷಗಳ ಹಿಂದೆಯೇ ಈ ಭಾಗದಲ್ಲಿತ್ತು.

ಇನ್ನೂ ಹಿಂದಕ್ಕೆ ಹೋದರೆ ಭೀಮಾ ತೀರದ ಸನ್ನತಿ. ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿರುವ ಕಾಳಿಕಾ ಗುಡಿಯ ಮಾಳಿಗೆ 1986ರಲ್ಲಿ ಕುಸಿದು ಬಿತ್ತು. ದುರಸ್ತಿಗೆಂದು ವಿಗ್ರಹವನ್ನು ಸರಿಸಿದಾಗ ಅದರ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಬೌದ್ಧ ಸ್ತೂಪವೂ, ಅಶೋಕ ರಾಜನೆಂದು ಹೆಸರು ಕೊರೆದ ಶಿಲ್ಪವೂ ದೊರೆತವು. ಸನ್ನತಿಯ ಕಲ್ಲಿನ ಮೇಲಿರುವ ಶಾಸನಗಳಲ್ಲಿ ಒಂದು ಅಶೋಕನ ಹನ್ನೆರಡನೆಯ ಶಾಸನ. ತನ್ನ ಪಂಥವನ್ನು ಹೊಗಳಿಕೊಳ್ಳುವ ಭರದಲ್ಲಿ ಪರರ ಪಂಥವನ್ನು ಹಳಿಯಬಾರದೆಂಬುದೇ ಅದರ ಸಾರ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದನ್ನು ‘ಕವಿರಾಜಮಾರ್ಗ’ ಕೂಡ ಸಂಪತ್ತೆಂದು ಎಣಿಸುತ್ತದೆ. ಸಾವಿರ ವರ್ಷಗಳ ಅಂತರದಲ್ಲಿ, ಒಂದೇ ಜಿಲ್ಲೆಯ ನೆಲದಿಂದ, ಒಂದೇ ಅರ್ಥದ ಎರಡು ಮಾತುಗಳು. ಈ ಪರಂಪರೆಯನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಮನೆಯ ಮಾತು ಬೇರೆ, ಕಚೇರಿಯ ಮಾತು ಬೇರೆ

1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದಾಗ ಕಲಬುರಗಿ ಅದರ ರಾಜಧಾನಿಯಾಯಿತು. ಆಡಳಿತಕ್ಕೆ ಪಾರಸಿ ಬಂದಿತು. 1367ರಲ್ಲಿ ಕೋಟೆಯೊಳಗೆ ಜಾಮಿಯಾ ಮಸೀದಿ ಎದ್ದಿತು. ತೆರೆದ ಅಂಗಳವಿಲ್ಲದೆ ಇಡೀ ಕಟ್ಟಡಕ್ಕೆ ಗುಮ್ಮಟಗಳ ಛಾವಣಿ ಹೊದಿಸಿದ ಈ ಮಸೀದಿಯಂಥದು ಭಾರತದಲ್ಲಿ ಅಪರೂಪ. ದಿಲ್ಲಿಯಿಂದ ಬಂದು ನೆಲೆಸಿದ ಸೂಫಿ ಸಂತ ಖ್ವಾಜಾ ಬಂದೇ ನವಾಜರು 1422ರಲ್ಲಿ ಇಲ್ಲಿಯೇ ದೇಹಬಿಟ್ಟರು. ಅವರ ದರ್ಗಾ ಹಾಗೂ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ಗುಡಿ, ಇವೆರಡೂ ಇಂದು ಊರಿನ ಎರಡು ಕಣ್ಣುಗಳು. ಉರುಸಿಗೂ ಜಾತ್ರೆಗೂ ಜನ ಜಾತಿಮತ ಎಣಿಸದೆ ನಡೆದುಕೊಳ್ಳುತ್ತಾರೆ.

ಬಹಮನಿಗಳ ತರುವಾಯ ಬಿಜಾಪುರದ ಆದಿಲಶಾಹಿ, ಮೊಗಲರು, ಬಳಿಕ ಹೈದರಾಬಾದಿನ ಆಸಫ್‌ಜಾಹಿ ನಿಜಾಮರು. ಆಳುವವರು ಬದಲಾದರೂ ಹೊಲದಲ್ಲಿ, ಸಂತೆಯಲ್ಲಿ, ಅಡುಗೆಮನೆಯಲ್ಲಿ ಕನ್ನಡ ಬದಲಾಗಲಿಲ್ಲ. ಆದರೆ ಬರಹದ ಲೋಕದಲ್ಲಿ ಅದರ ಸ್ಥಾನ ಕುಗ್ಗುತ್ತಾ ಬಂದಿತು. 1880ರ ದಶಕದಲ್ಲಿ ಹೈದರಾಬಾದ್ ಸಂಸ್ಥಾನ ಪಾರಸಿಯನ್ನು ಬಿಟ್ಟು ಉರ್ದುವನ್ನು ಆಡಳಿತ ಭಾಷೆಯನ್ನಾಗಿ ಮಾಡಿಕೊಂಡಿತು. ಸಂಸ್ಥಾನದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಮಾತು ತೆಲುಗು, ಕಾಲು ಭಾಗದವರದು ಮರಾಠಿ. ಕನ್ನಡಿಗರೂ ಉರ್ದು ಭಾಷಿಕರೂ ಹೆಚ್ಚುಕಡಿಮೆ ನೂರಕ್ಕೆ ಹನ್ನೊಂದು ಹನ್ನೆರಡರಷ್ಟು. ಹದಿನಾರು ಜಿಲ್ಲೆಗಳ ಪೈಕಿ ಕನ್ನಡ ಜಿಲ್ಲೆಗಳೆನಿಸಿದ್ದು ಗುಲ್ಬರ್ಗ, ರಾಯಚೂರು ಮತ್ತು ಬೀದರ ಮೂರೇ. ಅದರಲ್ಲೂ ಬೀದರದಲ್ಲಿ ಮರಾಠಿ, ತೆಲುಗುಗಳ ಬೆರಕೆ.

1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನು ಉನ್ನತ ಶಿಕ್ಷಣದ ಮಾಧ್ಯಮವನ್ನಾಗಿ ಆರಿಸಿಕೊಂಡಿತು. ಇಂಗ್ಲಿಷಿಲ್ಲದೆ ದೇಶಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯ, ಕಾನೂನುಗಳನ್ನು ಕಲಿಸಬಹುದೆಂದು ತೋರಿಸಿದ ಆ ಸಾಹಸವನ್ನು ನಾವು ಮೆಚ್ಚಲೇಬೇಕು. ಆದರೆ ಕಲಬುರಗಿಯ ರೈತನ ಮಗನಿಗೆ ಉರ್ದುವೂ ಇಂಗ್ಲಿಷಿನಷ್ಟೇ ಪರಭಾಷೆ. ಮನೆಯಲ್ಲಿ ಆಡುವುದು ಕನ್ನಡ, ಮುಂದಿನ ಓದು ಉರ್ದು, ಅಂಗಡಿಯ ಲೆಕ್ಕಪತ್ರ ಹಲವೆಡೆ ಮರಾಠಿಯ ಮೋಡಿ ಲಿಪಿಯಲ್ಲಿ. ತನ್ನ ಮಾತಿಗೆ ತನ್ನೂರಿನಲ್ಲೇ ಕಾಗದದ ಮೇಲೆ ಜಾಗವಿಲ್ಲ ಎಂದು ಕಂಡ ಹುಡುಗ ತನ್ನ ಮಾತು ಕೀಳೆಂದು ನಂಬಿಬಿಡುತ್ತಾನೆ. ಒಂದು ಭಾಷೆಗೆ ಆಗಬಹುದಾದ ದೊಡ್ಡ ಹಾನಿ ಇದೇ.

ಇಷ್ಟಾದರೂ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ. 1914ರಲ್ಲಿ ಆರಂಭವಾದ ಹೈದರಾಬಾದಿನ ಪುರಾತತ್ವ ಇಲಾಖೆ ಗುಲಾಮ್ ಯಜ್ದಾನಿಯವರ ನೇತೃತ್ವದಲ್ಲಿ ಈ ಭಾಗದ ಶಾಸನಗಳನ್ನು ಪ್ರಕಟಿಸಿತು. ಅಶೋಕನನ್ನು ಅವನ ಹೆಸರಿನಿಂದಲೇ ಕರೆಯುವ ಮಸ್ಕಿಯ ಶಾಸನ 1915ರಲ್ಲಿ ಬೆಳಕಿಗೆ ಬಂದು ಆ ಮಾಲೆಯಲ್ಲಿಯೇ ಅಚ್ಚಾಯಿತು. ಕನ್ನಡವನ್ನು ಕಚೇರಿಯಿಂದ ಹೊರಗಿಟ್ಟ ಸರಕಾರದ ಒಂದು ಇಲಾಖೆಯೇ ಕನ್ನಡ ನೆಲದ ಕಲ್ಲುಗಳನ್ನು ಓದಿಸಿ ಉಳಿಸಿತು. ಇತಿಹಾಸ ಒಂದೇ ಬಣ್ಣದಲ್ಲಿ ಬರೆಯಲು ಒಗ್ಗುವುದಿಲ್ಲ.

ಮೊದಲ ಸಮ್ಮೇಳನ

ಕಳೆದುಕೊಂಡದ್ದನ್ನು ಹುಡುಕುವ ಕೆಲಸ ಶಾಲೆಯಿಂದ ಆರಂಭವಾಯಿತು. ಬಂಗಾಳದ ವಿಭಜನೆಯನ್ನು ವಿರೋಧಿಸಿ ಎದ್ದ ಸ್ವದೇಶಿ ಚಳವಳಿಯ ಗಾಳಿ ಬೀಸುತ್ತಿದ್ದ ದಿನಗಳಲ್ಲಿ, 1907ರಲ್ಲಿ, ಕಲಬುರಗಿಯಲ್ಲಿ ನೂತನ ವಿದ್ಯಾಲಯ ಹುಟ್ಟಿತು. ಅತ್ತ ರಾಯಚೂರಿನಲ್ಲಿ ಪಂಡಿತ ತಾರಾನಾಥರ ಹಮ್‌ದರ್ದ್ ಶಾಲೆ ತಲೆಯೆತ್ತಿತು. ಸರಕಾರದ ನೆರವನ್ನು ನೆಚ್ಚದೆ ಊರಿನವರ ದೇಣಿಗೆಯಿಂದ ನಿಂತ ಇಂಥ ಶಾಲೆಗಳು ಓದಿನ ಜೊತೆಗೆ ಸ್ವಾಭಿಮಾನವನ್ನೂ ಕಲಿಸಿದವು.

ಮುಂಬಯಿ ಕರ್ನಾಟಕದಲ್ಲಿ ಅದಾಗಲೇ ಎಚ್ಚರ ಮೂಡಿತ್ತು. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ 1917ರಲ್ಲಿ ಹೊರಬಂದು ರಾಷ್ಟ್ರಕೂಟ, ಚಾಲುಕ್ಯರ ಕಥೆಯನ್ನು ಮನೆಮನೆಗೆ ಮುಟ್ಟಿಸಿತು. ಅದಕ್ಕೂ ಮೊದಲು, 1898ರಲ್ಲಿ, ಕೆ.ಬಿ. ಪಾಠಕರ ಸಂಪಾದನೆಯಲ್ಲಿ ‘ಕವಿರಾಜಮಾರ್ಗ’ ಅಚ್ಚಾಗಿತ್ತು. ಹಾಗೆ ಅಚ್ಚಾದದ್ದು ಮೈಸೂರಿನ ಸರಕಾರದ ಆಶ್ರಯದಲ್ಲಿ. ಆ ಗ್ರಂಥ ಹುಟ್ಟಿದ ಮಳಖೇಡದ ಮಕ್ಕಳಿಗೆ ಅದನ್ನು ಪಾಠವಾಗಿ ಓದುವ ಯೋಗವಿರಲಿಲ್ಲ.

ಇಂಥ ಸ್ಥಿತಿಯಲ್ಲಿ 1928ರಲ್ಲಿ ಹದಿನಾಲ್ಕನೆಯ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ ಸೇರಿತು. ಅಧ್ಯಕ್ಷರು ಬಿ.ಎಂ. ಶ್ರೀಕಂಠಯ್ಯನವರು. 1911ರಲ್ಲಿಯೇ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ನಿಂತು ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದ್ದ ಇಂಗ್ಲಿಷ್ ಪ್ರಾಧ್ಯಾಪಕರು ಅವರು. ಸಾರ್ವಜನಿಕ ಸಭೆಗಳ ಮೇಲೆ ಸರಕಾರದ ಕಣ್ಣಿದ್ದ ಸಂಸ್ಥಾನದಲ್ಲಿ ಮೈಸೂರು, ಮುಂಬಯಿ, ಮದರಾಸು ಪ್ರಾಂತಗಳ ಕನ್ನಡಿಗರು ಒಂದೆಡೆ ಕಲೆತರು. ರಾಜಕೀಯದ ಮಾತಿಗೆ ಅವಕಾಶವಿಲ್ಲದೆಡೆ ಸಾಹಿತ್ಯದ ಮಾತೇ ಸಾಕಾಯಿತು. ನಾಲ್ಕೈದು ಆಡಳಿತಗಳಲ್ಲಿ ಹಂಚಿಹೋಗಿದ್ದ ಜನ ತಾವು ಒಂದೇ ನುಡಿಯ ಮಕ್ಕಳೆಂದು ಕಣ್ಣಾರೆ ಕಂಡುಕೊಂಡರು. ಮುಂದೆ 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿಯೂ ಸಮ್ಮೇಳನ ನಡೆಯಿತು.

ಹದಿಮೂರು ತಿಂಗಳು

1938ರಲ್ಲಿ ಉಸ್ಮಾನಿಯಾದ ವಿದ್ಯಾರ್ಥಿಗಳು ವಸತಿನಿಲಯದಲ್ಲಿ ‘ವಂದೇ ಮಾತರಂ’ ಹಾಡಿದ್ದಕ್ಕಾಗಿ ಹೊರಹಾಕಲ್ಪಟ್ಟರು. ಅವರಲ್ಲಿ ಅನೇಕರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಅದೇ ವರ್ಷ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ನಿಷೇಧಕ್ಕೆ ಒಳಗಾಯಿತು. ಆ ಸಂಘಟನೆಯ ನಾಯಕರಾದ ಸ್ವಾಮಿ ರಾಮಾನಂದ ತೀರ್ಥರು ಕನ್ನಡ ನೆಲದಲ್ಲಿ ಹುಟ್ಟಿ, ಮರಾಠವಾಡದಲ್ಲಿ ಶಿಕ್ಷಕರಾಗಿ ದುಡಿದು, ಇಡೀ ಸಂಸ್ಥಾನದ ಹೋರಾಟವನ್ನು ಮುನ್ನಡೆಸಿದವರು. 1952ರ ಮೊದಲ ಮಹಾಚುನಾವಣೆಯಲ್ಲಿ ಗುಲ್ಬರ್ಗದ ಜನ ಅವರನ್ನೇ ಲೋಕಸಭೆಗೆ ಆರಿಸಿ ಕಳಿಸಿದರು.

1947ರ ಆಗಸ್ಟ್ 15ರಂದು ದೇಶವೆಲ್ಲ ಸ್ವಾತಂತ್ರ್ಯದ ಸಂಭ್ರಮದಲ್ಲಿದ್ದಾಗ ಕಲಬುರಗಿಯಲ್ಲಿ ತ್ರಿವರ್ಣಧ್ವಜ ಹಿಡಿಯುವುದು ಅಪರಾಧವಾಗಿತ್ತು. ಪಕ್ಕದ ಸೊಲ್ಲಾಪುರ ಸ್ವತಂತ್ರ, ಬಿಜಾಪುರ ಸ್ವತಂತ್ರ, ಕಲಬುರಗಿ ಮಾತ್ರ ಅಲ್ಲ. ಸೊಲ್ಲಾಪುರ, ಗದಗ ಮುಂತಾದ ಕಡೆಗಳ ಗಡಿ ಶಿಬಿರಗಳಿಂದ ಯುವಕರು ಹೋರಾಟ ನಡೆಸಿದರು. ಹಳ್ಳಿಗಳಲ್ಲಿ ರಜಾಕಾರರ ಲೂಟಿ, ಕೊಲೆ, ಬೆಂಕಿ. ಎಷ್ಟೋ ಕುಟುಂಬಗಳು ಊರು ಬಿಟ್ಟು ಗಡಿ ದಾಟಿದವು. ಕೊನೆಗೆ 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರ ಸೇನೆ ಶರಣಾಯಿತು. ದೇಶದ ಸ್ವಾತಂತ್ರ್ಯಕ್ಕೂ ಈ ಭಾಗದ ಸ್ವಾತಂತ್ರ್ಯಕ್ಕೂ ನಡುವೆ ಹದಿಮೂರು ತಿಂಗಳ ಅಂತರ. ಆದ್ದರಿಂದಲೇ ಇಲ್ಲಿ ಆಗಸ್ಟ್ 15ರ ಜೊತೆಗೆ ಸೆಪ್ಟೆಂಬರ್ 17ಕ್ಕೂ ಧ್ವಜ ಏರುತ್ತದೆ.

ಆ ದಿನಗಳ ಇನ್ನೊಂದು ಪುಟವನ್ನು ಮುಚ್ಚಿಡುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಸೇನಾ ಕಾರ್ಯಾಚರಣೆ ಮುಗಿದ ಮೇಲಿನ ವಾರಗಳಲ್ಲಿ ಸೇಡಿನ ಹಿಂಸೆಗೆ ಅಮಾಯಕ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿ ಬಲಿಯಾದರು. ಕೇಂದ್ರ ಸರಕಾರ ಕಳಿಸಿದ ಪಂಡಿತ ಸುಂದರಲಾಲರ ನಿಯೋಗ 1948ರ ಕೊನೆಯಲ್ಲಿ ಸಂಸ್ಥಾನದಲ್ಲಿ ಸಂಚರಿಸಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ, ನಾಂದೇಡಗಳನ್ನು ಹೆಸರಿಸಿತು. ಆ ವರದಿ ಹಲವು ದಶಕಗಳ ಕಾಲ ಬೆಳಕು ಕಾಣಲಿಲ್ಲ. ಅದೇ ನಿಯೋಗ, ನೆರೆಯ ಮುಸ್ಲಿಮರ ಜೀವವನ್ನು ತಮ್ಮ ಜೀವ ಪಣಕ್ಕಿಟ್ಟು ಕಾಪಾಡಿದ ಹಿಂದೂಗಳನ್ನೂ ದಾಖಲಿಸಿತು. ವಿಮೋಚನೆಯನ್ನು ಆಚರಿಸುವಾಗ ರಜಾಕಾರರ ಕೈಯಲ್ಲಿ ಸತ್ತವರನ್ನು ನೆನೆಯುವಂತೆ ಇವರನ್ನೂ ನೆನೆಯುವುದು ಮನುಷ್ಯರ ಲಕ್ಷಣ.

ಈ ಹಿನ್ನೆಲೆಯಲ್ಲಿ 1949ರ ಸಮ್ಮೇಳನದ ಮಹತ್ವ ತಿಳಿಯುತ್ತದೆ. ಗಾಯ ಹಸಿಯಾಗಿದ್ದ ಊರಿನಲ್ಲಿ ಮೂವತ್ತೆರಡನೆಯ ಸಮ್ಮೇಳನ ಸೇರಿತು. ಅಧ್ಯಕ್ಷಪೀಠದಲ್ಲಿ ಕುಳಿತವರು ಉತ್ತಂಗಿ ಚನ್ನಪ್ಪನವರು. ಅವರು ಕ್ರೈಸ್ತ ಬೋಧಕರು. ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದವರು, ವಚನಗಳನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದವರು. ಕನ್ನಡತನವೆಂಬುದು ಯಾವುದೇ ಒಂದು ಮತದ ಸೊತ್ತಲ್ಲ ಎಂದು ಆ ಹೊತ್ತಿನಲ್ಲಿ, ಆ ಊರಿನಲ್ಲಿ ಹೇಳಲು ಇದಕ್ಕಿಂತ ತಕ್ಕ ಆಯ್ಕೆ ಮತ್ತೊಂದಿರಲಾರದು.

ನಕ್ಷೆ ಕೂಡಿತು

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ ರಚನೆಯಾಗಿ ಹೈದರಾಬಾದ್ ರಾಜ್ಯ ಅಳಿಯಿತು. ಗುಲ್ಬರ್ಗ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡ ಭಾಗಗಳು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಗುಲ್ಬರ್ಗ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ಆಂಧ್ರಕ್ಕೆ ಹೋದವು. ನೆರೆಯ ಅಕ್ಕಲಕೋಟೆ, ಸೊಲ್ಲಾಪುರಗಳ ಕನ್ನಡಿಗರು ಮರಾಠಿ ಆಡಳಿತದಲ್ಲೇ ಉಳಿದರು. ಗೆರೆ ಎಳೆದಾಗ ಅತ್ತಿತ್ತ ಕೆಲವರು ಉಳಿಯುವುದು ತಪ್ಪಲಿಲ್ಲ.

ರಾಜ್ಯವೇನೋ ಸಿಕ್ಕಿತು, ಅಕ್ಷರ ಸಿಗಬೇಕಾಗಿತ್ತು. 1951ರ ಜನಗಣತಿಯಲ್ಲಿ ಹೈದರಾಬಾದ್ ರಾಜ್ಯದ ನೂರು ಜನರಲ್ಲಿ ಓದು ಬಲ್ಲವರು ಹತ್ತು ಮಂದಿಯೂ ಇರಲಿಲ್ಲ. 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ಮುಂದಾಳುತನದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಸ್ಥಾಪನೆಯಾಯಿತು. ಶರಣಬಸವೇಶ್ವರ ಸಂಸ್ಥಾನವೂ ಹೆಣ್ಣುಮಕ್ಕಳ ಶಿಕ್ಷಣಕ್ಕೆ ದುಡಿಯಿತು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬಂದಿತು.

ದೂರದರ್ಶನದ ಬಳಗಕ್ಕೆ ಹೆಮ್ಮೆಯೆನಿಸುವ ಸಂಗತಿಯೊಂದು ಇಲ್ಲಿದೆ. ಕರ್ನಾಟಕದಲ್ಲಿ ದೂರದರ್ಶನ ಮೊದಲು ಬಂದದ್ದು ಬೆಂಗಳೂರಿಗಲ್ಲ, ಈ ಭಾಗದ ಹಳ್ಳಿಗಳಿಗೆ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ನಡೆದ ಶೈಕ್ಷಣಿಕ ದೂರದರ್ಶನದ ಪ್ರಯೋಗಕ್ಕೆ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಆಯ್ಕೆಯಾಗಿದ್ದವು. ಬೆಂಗಳೂರು ಕೇಂದ್ರ ಆರಂಭವಾದದ್ದು 1981ರ ನವೆಂಬರಿನಲ್ಲಿ. ಕಚೇರಿಯ ಕಾಗದದಲ್ಲಿ ತನ್ನ ಮಾತನ್ನು ಕಾಣದೆ ಬೆಳೆದ ತಲೆಮಾರು ಮುಪ್ಪಿನಲ್ಲಿ ಶಾಲೆಯ ಅಂಗಳದ ಪೆಟ್ಟಿಗೆಯಿಂದ ಕನ್ನಡ ಬರುವುದನ್ನು ಕಂಡಿತು.

1987ರ ಐವತ್ತೆಂಟನೆಯ ಸಮ್ಮೇಳನದ ಅಧ್ಯಕ್ಷರಾದ ಸಿದ್ದಯ್ಯ ಪುರಾಣಿಕರು ಈ ಚರಿತ್ರೆಯ ಜೀವಂತ ಸಾಕ್ಷಿಯಾಗಿದ್ದರು. ಇಂದಿನ ಕೊಪ್ಪಳ ಜಿಲ್ಲೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಅವರು ಓದಿದ್ದು ಉಸ್ಮಾನಿಯಾದಲ್ಲಿ. ಉರ್ದುವಿನಲ್ಲಿ ಪಾಂಡಿತ್ಯ ಗಳಿಸಿದರು, ‘ಕಾವ್ಯಾನಂದ’ ಎಂಬ ಹೆಸರಿನಲ್ಲಿ ಕನ್ನಡ ಕವಿಯಾದರು. ತಮ್ಮ ಮೇಲೆ ಹೇರಲ್ಪಟ್ಟ ಭಾಷೆಯನ್ನು ದ್ವೇಷಿಸದೆ ದುಡಿಸಿಕೊಂಡರು. ಹೇರಿಕೆಯನ್ನು ವಿರೋಧಿಸುವುದು ಬೇರೆ, ಭಾಷೆಯನ್ನು ವಿರೋಧಿಸುವುದು ಬೇರೆ ಎಂಬ ವಿವೇಕ ಅವರ ಬದುಕಿನಲ್ಲಿ ಕಾಣುತ್ತದೆ.

ಹೆಸರು ಮತ್ತು ಉಸಿರು

ಹೋದ ಹೆಸರೂ ಮರಳಿತು. 2014ರ ನವೆಂಬರ್ 1ರಿಂದ ಗುಲ್ಬರ್ಗ ಕಲಬುರಗಿಯಾಯಿತು. ವಾಸ್ತವವಾಗಿ ಜನರ ನಾಲಿಗೆಯಲ್ಲಿ ಅದು ಎಂದೂ ಕಲಬುರಗಿಯೇ. ಗುಲ್ಬರ್ಗ ಇದ್ದದ್ದು ಕಾಗದದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಇಲ್ಲಿನ ಬಟ್ಟೆ ಗಿರಣಿಯ ಹೆಸರು ಮೆಹಬೂಬ್ ಶಾಹಿ ಕುಲಬರ್ಗಾ ಮಿಲ್. ಎಂ.ಎಸ್.ಕೆ. ಮಿಲ್ ಎಂದೇ ಎಲ್ಲರೂ ಬಲ್ಲ ಆ ಹೆಸರಿನೊಳಗೆ ನಿಜಾಮನೂ ಇದ್ದಾನೆ, ಊರಿನ ಹೆಸರಿನ ಇನ್ನೊಂದು ಉಚ್ಚಾರವೂ ಇದೆ. ಆ ಗಿರಣಿಯ ಕಾರ್ಮಿಕರ ಮನೆಯಲ್ಲಿ ಬೆಳೆದ ಗೀತಾ ನಾಗಭೂಷಣರು ಬಡವರ, ದುಡಿಯುವ ಹೆಂಗಸರ ಬದುಕನ್ನು ಈ ಮಣ್ಣಿನ ಮಾತಿನಲ್ಲೇ ಬರೆದರು. ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಲೇಖಕಿ ಅವರು.

ಈ ಮಾತಿಗೆ ಇನ್ನಷ್ಟು ಒತ್ತು ಕೊಡಬೇಕು. ಕಲಬುರಗಿಯ ಕನ್ನಡ ಅಶುದ್ಧವೆಂದು ನಗುವವರು ಇದ್ದಾರೆ. ‘ಛಲೋ’, ‘ಶಾಣ್ಯಾ’, ‘ಜರಾ’ ಎಂಬ ಮಾತುಗಳನ್ನು ಕೇಳಿ ಇದು ಕನ್ನಡವೇ ಎಂದು ಕೇಳುವವರಿದ್ದಾರೆ. ಆದರೆ ಇಡೀ ಕರ್ನಾಟಕ ದಿನವೂ ಬಳಸುವ ಅರ್ಜಿ, ವಕೀಲ, ಜಮೀನು, ದಾಖಲೆ, ಸರಕಾರ ಇವೆಲ್ಲ ಎಲ್ಲಿಂದ ಬಂದವು? ನಾವು ಅನ್ನದಾತನೆಂದು ಗೌರವದಿಂದ ಕರೆಯುವ ‘ರೈತ’ ಎಂಬ ಪದದ ಮೂಲವೇ ಅರಬ್ಬಿ. ಕಲಬುರಗಿಯವನ ಕನ್ನಡದಲ್ಲಿ ಇತಿಹಾಸ ತುಸು ಹೆಚ್ಚಾಗಿ ಕೇಳಿಸುತ್ತದೆ, ಅಷ್ಟೇ. ತನ್ನ ಪರಂಪರೆಯನ್ನು ಒಪ್ಪಿಕೊಳ್ಳುವುದೆಂದರೆ ಮನೆಯಲ್ಲಿ ಅಜ್ಜಿ ಆಡುವ ಮಾತನ್ನು ಶಾಲೆಯಲ್ಲಿ ನಾಚದೆ ಆಡುವುದು.

ಹೆಸರಿನ ಬೆನ್ನಿಗೆ ಹಕ್ಕೂ ಬೇಕಲ್ಲವೆ? ಪ್ರಾದೇಶಿಕ ಅಸಮಾನತೆಯನ್ನು ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರ ವರದಿಯಲ್ಲಿ ಅಂಕಿಅಂಶಗಳೊಡನೆ ತೋರಿಸಿಕೊಟ್ಟಿತು. ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ಬಳಿಕ ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371 (ಜೆ) ವಿಧಿ ಸೇರ್ಪಡೆಯಾಗಿ, ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಈ ಭಾಗದವರಿಗೆ ಮೀಸಲಾತಿ ದೊರೆಯಿತು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಮರುವರ್ಷ ಫೆಬ್ರವರಿಯಲ್ಲಿ ಎಚ್.ಎಸ್. ವೆಂಕಟೇಶಮೂರ್ತಿಯವರ ಅಧ್ಯಕ್ಷತೆಯಲ್ಲಿ ಎಂಬತ್ತೈದನೆಯ ಸಮ್ಮೇಳನ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆಯಿತು. ಆದರೂ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75 ಇದ್ದಾಗ ಈ ಜಿಲ್ಲೆಯದು 65ರ ಹತ್ತಿರ, ಇದರಿಂದಲೇ ಬೇರೆಯಾದ ಯಾದಗಿರಿಯದು 52ರಷ್ಟಿತ್ತು. ‘ಕವಿರಾಜಮಾರ್ಗ’ದ ನಾಡಿನಲ್ಲಿ ಮೂವರಲ್ಲಿ ಒಬ್ಬರಿಗೆ ತಮ್ಮ ಊರಿನ ಹೊಸ ನಾಮಫಲಕವನ್ನು ಓದಲು ಬರುತ್ತಿರಲಿಲ್ಲ ಎಂದರೆ ಫಲಕ ಬದಲಿಸಿದಷ್ಟಕ್ಕೆ ಕೆಲಸ ಮುಗಿಯಲಿಲ್ಲವೆಂದೇ ಅರ್ಥ.

ಕಮಲಾಪುರದ ಪಾಠ

ಕಲಬುರಗಿಯಿಂದ ಹುಮನಾಬಾದ, ಬೀದರಗಳ ಕಡೆಗೆ ಹೊರಟರೆ ನಲವತ್ತು ಕಿಲೋಮೀಟರಿನ ಒಳಗೆ ಕಮಲಾಪುರ ಸಿಗುತ್ತದೆ. ಬಹಮನಿಗಳ ಮೊದಲ ರಾಜಧಾನಿಗೂ ಎರಡನೆಯ ರಾಜಧಾನಿಗೂ ನಡುವಿನ ಹಾದಿಯಲ್ಲಿರುವ ಊರು. ಅತ್ತ ಬಸವಣ್ಣನವರ ಕಲ್ಯಾಣವೂ ದೂರವಲ್ಲ. 2017ರ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ಉದ್ಘಾಟನೆಯಾಗಿ ಇಲ್ಲಿಗೂ ರೈಲು ಬಂದಿತು. ಮರುವರ್ಷ ಊರು ತಾಲೂಕು ಕೇಂದ್ರವಾಯಿತು. ಸುತ್ತಮುತ್ತ ಲಂಬಾಣಿ ತಾಂಡಾಗಳಿವೆ. ಒಂದೇ ತರಗತಿಯಲ್ಲಿ ಮನೆಯಲ್ಲಿ ಕನ್ನಡ ಆಡುವ, ದಖನಿ ಉರ್ದು ಆಡುವ, ಲಂಬಾಣಿ ಆಡುವ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ಒಂದು ಕಾಲಕ್ಕೆ ಈ ಭಾಗದ ಕನ್ನಡ ಮಗು ಅನುಭವಿಸಿದ ಸಂಕೋಚವನ್ನು ಇಂದು ಲಂಬಾಣಿ ಮಗು ಅನುಭವಿಸಬಾರದು. ಕನ್ನಡವನ್ನು ಅದಕ್ಕೆ ಪ್ರೀತಿಯಿಂದ ಕಲಿಸೋಣ, ಅದರ ಹಾಡನ್ನೂ ಕೇಳಿಸಿಕೊಳ್ಳೋಣ. ನೋವುಂಡವರು ಪರರಿಗೆ ಅದೇ ನೋವನ್ನು ಕೊಡಬಾರದು.

ಕಮಲಾಪುರ ನಾಡಿಗೆಲ್ಲ ಗೊತ್ತಿರುವುದು ಅದರ ಕೆಂಪು ಬಾಳೆಯಿಂದ. ಸಿಪ್ಪೆ ಕೆಂಪು, ತಿರುಳು ಕೆನೆಬಣ್ಣ, ರುಚಿ ಬೇರೆಯೇ. ಊರಿನ ಹೆಸರಿನೊಡನೆಯೇ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಕಲಬುರಗಿಯ ತೊಗರಿಬೇಳೆಗೂ 2019ರಲ್ಲಿ ಅಂಥ ಮಾನ್ಯತೆ ಬಂದಿತು. ಈ ಹಣ್ಣು ಈ ನೆಲದ್ದು, ಪರರು ಈ ಹೆಸರಿನಲ್ಲಿ ಮಾರುವಂತಿಲ್ಲ ಎಂದು ಕಾನೂನು ಒಪ್ಪಿಕೊಂಡಂತಾಯಿತು. ಆದರೆ ಈ ಬೆಳೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಬೇರೆ ಬಾಳೆ ವರ್ಷದೊಳಗೆ ಬರುತ್ತದೆ. ಗೊಬ್ಬರ, ನೀರು, ಆರೈಕೆ ಎಲ್ಲವೂ ಹೆಚ್ಚು. ಆದ್ದರಿಂದ ಇದನ್ನು ಬೆಳೆಯುವವರು ಕೆಲವೇ ಮಂದಿ. ಮಾನ್ಯತೆಯ ಪತ್ರ ಕಚೇರಿಯ ಗೋಡೆಯ ಮೇಲಿದ್ದು ಹೊಲದಲ್ಲಿ ಬಾಳೆಯೇ ಇಲ್ಲದಿದ್ದರೆ ಆ ಪತ್ರದಿಂದ ಏನು ಫಲ?

ಭಾಷೆಯ ಮಾತೂ ಹೀಗೆಯೇ. ಹೆಸರು, ವಿಧಿ, ಮಾನ್ಯತೆ ಇವೆಲ್ಲ ಬೇಲಿಯಿದ್ದಂತೆ. ಬೇಲಿ ಬೇಕು, ಒಳಗೆ ಬೆಳೆಯೂ ಇರಬೇಕು. ಬೆಳೆ ಬೆಳೆಯುವುದು ಶಾಲೆಯಲ್ಲಿ. ಪ್ರತಿ ವರ್ಷವೂ ಪ್ರವಾಸವೆಂದು ದೂರದ ಊರಿಗೆ ಬಸ್ಸು ಹತ್ತುವ ನಮ್ಮ ಮಕ್ಕಳನ್ನು ಒಮ್ಮೆ ಮಳಖೇಡಕ್ಕೆ, ನಾಗಾವಿಗೆ, ಸನ್ನತಿಗೆ ಕರೆದೊಯ್ಯೋಣ. ಅಂದೇ ಸಂಜೆ ಬಂದೇ ನವಾಜರ ದರ್ಗಾವನ್ನೂ ಶರಣಬಸವೇಶ್ವರರ ಗುಡಿಯನ್ನೂ ತೋರಿಸೋಣ. ಊರಿನ ಗುಡಿಗೋಡೆಯಲ್ಲಿ, ಹೊಲದ ಬದುವಿನಲ್ಲಿ ಬಿದ್ದಿರುವ ಶಾಸನದ ಕಲ್ಲಿಗೆ ಸುಣ್ಣ ಬಳಿಯದಂತೆ, ಅದರ ಮೇಲೆ ಕುಡುಗೋಲು ಮಸೆಯದಂತೆ ಕಾಯೋಣ. ಹಿಂದಿನ ಹೋರಾಟಗಳನ್ನು ಬಲ್ಲ ಹಿರಿಯರು ಇನ್ನೂ ಕೆಲವರು ಉಳಿದಿದ್ದಾರೆ. ಅವರ ಬಾಯಿಂದ ಕೇಳಿ ಬರೆದಿಡುವ ಕೆಲಸವನ್ನು ಯಾವ ಪ್ರೌಢಶಾಲೆಯಾದರೂ ಮಾಡಬಹುದು, ಅದಕ್ಕೆ ಒಂದು ನೋಟುಪುಸ್ತಕ ಸಾಕು.

ನಾಲ್ಕು ಸಮ್ಮೇಳನಗಳು ಆಗಿಹೋಗಿವೆ. ಐದನೆಯದೂ ಒಂದು ದಿನ ಕಲಬುರಗಿಗೆ ಬರುತ್ತದೆ. ಅದು ಬರುವ ಹೊತ್ತಿಗೆ ಕಮಲಾಪುರದ ತಾಂಡಾದ ಮಗಳೊಬ್ಬಳು ನಾಗಾವಿಯ ಶಾಸನವನ್ನು ತಾನೇ ಓದಿ, ತನ್ನೂರಿನ ಮಾತಿನಲ್ಲಿ ಅದರ ಅರ್ಥವನ್ನು ಸಭೆಗೆ ಬಿಡಿಸಿ ಹೇಳುವಂತಾದರೆ ಹಿರಿಯರು ಪಟ್ಟ ಪಾಡು ಸಾರ್ಥಕವಾದಂತೆ.